ಮಳೆಬಿಸಿಲಿಗೆ ಒಡ್ಡಿದ ಹಲಗೆಗಳ ರಕ್ಷಣೆ

ಹಳ್ಳಕ್ಕೆ ಅಡ್ಡಲಾಗಿ ಹಾಕಿದ ಕಾಲುಸಂಕದ ಹಲಗೆಗಳೂ, ಗಾಡಿಯ ಹಾಸುಹಲಗೆಗಳೂ, ಮನೆಯ ಮುಂದೆ ಬಯಲಿನಲ್ಲಿ ಕಟ್ಟಿದ ಮರದ ಅಟ್ಟಣೆಗಳೂ ಬಾಗಿಲು ಕಿಟಕಿಗಳ ಮರಕ್ಕಿಂತ ಬಹು ಬೇಗನೆ ಕೆಡುತ್ತವೆ. ನೆಟ್ಟಗೆ ನಿಂತ ಮರದಿಂದ ಮಳೆಯ ನೀರು ಇಳಿದುಹೋಗುತ್ತದೆ. ಮಲಗಿರುವ ಮರದ ಮೇಲೆ ನಿಲ್ಲುತ್ತದೆ. ಇಂಥ ಹಲಗೆಯು ಮೇಲೆ ಗಟ್ಟಿಯಾಗಿ ಕಂಡು, ಕೆಳಗೆ ತೊಲೆಯ ಮೇಲೆ ಕೂತಿರುವ ಕಡೆ ಲೊಡ್ಡಾಗಿರುವುದುಂಟು. ಹೊರೆ ಹೊತ್ತವನಾಗಲಿ ಉಳುವ ಎತ್ತಾಗಲಿ ಅದರ ಮೇಲೆ ಕಾಲಿಟ್ಟಾಗಲೇ ಸಂಗತಿಯು ತಿಳಿಯುವುದು.

ಮರವನ್ನು ಕೆಡಿಸುವುದು ನೀರು ತಾನೇ ಅಲ್ಲ, ತೇವವನ್ನು ಆಶ್ರಯಿಸಿ ಬೆಳೆಯುವ ಅಣಬೆ ಜಾತಿಯ ಬೂಷ್ಟು. ಮರದ ತೇವವು ಅದರ ಒಣತೂಕದಲ್ಲಿ ನೂರಕ್ಕೆ 20ಕ್ಕಿಂತ ಕಡಮೆಯಾಗಿದ್ದರೆ ಈ ಬೂಷ್ಟು ಬೆಳೆಯಲಾರದು. ಬಿಸಿಲಾದರೋ ಮೇಲಿನ ಪದರವನ್ನು ಬೂದುಬಣ್ಣಕ್ಕೆ ತಿರುಗಿಸಿ ಸೀಳುಬಿಡಿಸುತ್ತದೆ. ಆ ಸೀಳುಗಳೇ ನೀರಿಗೆ ದಾರಿ.

ಹೊಳಪಿಗೆ ಮನಸೋತು ವಾರ್ನಿಷನ್ನೋ ದಪ್ಪ ಬಣ್ಣವನ್ನೋ ಬಳಿಸುವವರು ಅನೇಕರು. ಬಾಗಿಲಿಗೆ ಇದು ಸರಿ. ತುಳಿಯುವ ಹಲಗೆಗೆ ಸರಿಯಲ್ಲ. ಮರವು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವಾಗ ಬಣ್ಣದ ಪೊರೆಯು ಬಿರಿಯುತ್ತದೆ. ಬಿರುಕಿನಿಂದ ಒಳಹೊಕ್ಕ ನೀರು ಪೊರೆಯ ಅಡಿಯಲ್ಲಿ ಸಿಕ್ಕಿಕೊಂಡು ಆರದೆ ಉಳಿಯುತ್ತದೆ. ಆಮೇಲೆ ಹೊಸದಾಗಿ ಬಳಿಯಬೇಕಾದರೆ ಹಳೆಯದನ್ನೆಲ್ಲ ಹೆರೆಯತಕ್ಕದ್ದು.

ಆದಕಾರಣ ಮರದೊಳಕ್ಕೆ ಇಳಿಯುವ ಎಣ್ಣೆಯೇ ಹಲಗೆಹಾಸಿಗೆ ಯೋಗ್ಯವಾದುದು. ಅಂಗಡಿಯಲ್ಲಿ ದೊರೆಯುವ ಕಾಯಿಸಿದ ಅಗಸೆಯೆಣ್ಣೆಗೆ ನುಣ್ಣಗೆ ಅರೆದ ಕಾವಿಯನ್ನು ಸ್ವಲ್ಪ ಕಲಸಬೇಕು. ಕಾವಿಯು ಕೇವಲ ಅಂದಕ್ಕಲ್ಲ; ಅದರಲ್ಲಿರುವ ಕಬ್ಬಿಣದ ಅಂಶವು ಬಿಸಿಲಿನ ಕಿರಣಗಳನ್ನು ತಡೆಯುತ್ತದೆ. ಬರಿಯ ಎಣ್ಣೆಯು ಬೂಷ್ಟು ಹಿಡಿದು ಕಪ್ಪಾಗುವುದುಂಟಾದ್ದರಿಂದ, ಮಳೆ ಹೆಚ್ಚಾದ ಸೀಮೆಯವರು ಬೂಷ್ಟುನಾಶಕವನ್ನು ಸೇರಿಸಿ ತಯಾರಿಸಿದ ಮರದೆಣ್ಣೆಯನ್ನೇ ಕೊಳ್ಳುವುದು ಮೇಲು. ಹೊಂಗೆಯೆಣ್ಣೆಯು ಅಗಸೆಯೆಣ್ಣೆಯಂತೆ ಒಣಗಿ ಗಟ್ಟಿಯಾಗುವ ಜಾತಿಯದಲ್ಲ. ಯಂತ್ರಗಳಿಂದ ತೆಗೆದ ಸುಟ್ಟ ಎಣ್ಣೆಯಂತೂ ಹಲಗೆಯನ್ನು ಜಾರುವಂತೆ ಮಾಡಿ ಹಳ್ಳದ ನೀರನ್ನೂ ಕೆಡಿಸುತ್ತದೆ.

ದೀಪಾವಳಿ ಕಳೆದು ಹಲಗೆಗಳು ಚೆನ್ನಾಗಿ ಆರಿದ ಮೇಲೆ ಕೆಲಸಕ್ಕೆ ಕೈಹಾಕಬೇಕು. ಪಾಚಿಯನ್ನು ಉಜ್ಜಿ ತೊಳೆದು, ಮತ್ತೆ ಆರಗೊಟ್ಟು, ಎಣ್ಣೆಯನ್ನು ತೆಳ್ಳಗೆ ಬಳಿದು, ಅರ್ಧ ಗಂಟೆಯ ತರುವಾಯ ಹೀರದೆ ಉಳಿದುದನ್ನು ಒರಸಿಬಿಡತಕ್ಕದ್ದು. ಮೊದಲನೆಯದು ಒಣಗಿದ ಮೇಲೆ ಎರಡನೆಯ ಸಲ. ಗರಗಸದಿಂದ ಕೊಯ್ದ ತುದಿಗಳಿಗೆ ಮಾತ್ರ ಹೀರುವಷ್ಟೂ ಕುಡಿಸಬೇಕು. ಏಕೆಂದರೆ ಮರವು ಮೈಯಿಂದ ಹೀರುವುದಕ್ಕಿಂತ ಬಹು ಬೇಗನೆ ತುದಿಯಿಂದ ನೀರನ್ನು ಹೀರುತ್ತದೆ. ಬಡಗಿಗಳು ಸಾಮಾನ್ಯವಾಗಿ ಮರೆಯುವುದೂ ಇದನ್ನೇ. ಎಣ್ಣೆ ಒರಸಿದ ಬಟ್ಟೆಗಳನ್ನು ಮುದ್ದೆಮಾಡಿ ಹುಲ್ಲಿನ ಬಣವೆಯ ಬಳಿ ಎಸೆಯಕೂಡದು. ಅಗಸೆಯೆಣ್ಣೆಯ ಬಟ್ಟೆಯು ಕಿಡಿ ಸೋಕದೆಯೇ ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ. ಬಿಡಿಸಿ ಬಯಲಲ್ಲಿ ಒಣಹಾಕಬೇಕು, ಇಲ್ಲವೆ ನೀರಲ್ಲಿ ಅದ್ದಿಡಬೇಕು.

ಮುಂದಿನ ವರ್ಷ ಹಲಗೆಯ ಮೇಲೆ ನೀರು ಚಿಮುಕಿಸಿ ನೋಡಬಹುದು. ಹನಿಗಳು ದುಂಡಗೆ ನಿಂತರೆ ಎಣ್ಣೆಯಿನ್ನೂ ಇದೆ. ಹೀರಿ ಕಪ್ಪಾದರೆ ಪುನಃ ಬಳಿಯುವ ಕಾಲ ಬಂದಿತು.

ನೆಲಕ್ಕೆ ಹೂಳುವ ಕಂಬಗಳನ್ನು ಮೇಲೆ ಬಳಿದ ಯಾವ ಎಣ್ಣೆಯೂ ಗೆದ್ದಲಿನಿಂದ ಬಹುಕಾಲ ಕಾಯಲಾರದು. ಅವುಗಳಿಗೆ ತೇಗ ಅಥವಾ ಹೊನ್ನೆಯ ಚೇಗನ್ನೇ ಆರಿಸಬೇಕು. ತೇಗದ ಮರವೇ ಆದರೂ ಹೊರಗಿನ ಬಿಳಿಯ ಭಾಗಕ್ಕೆ ಬಾಳಿಕೆಯಿಲ್ಲ. ಚೇಗು ದೊರೆಯದಿದ್ದರೆ ಒತ್ತಡದಿಂದ ಔಷಧವೇರಿಸಿದ ಮರವುಂಟು. ತಾಮ್ರ, ಕ್ರೋಮಿಯಂ, ಪಾಷಾಣಗಳನ್ನು ಕೂಡಿಸಿದ ಇಂಥ ಔಷಧವನ್ನು 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶನ್ ಎಂಬವರು ಕಂಡುಹಿಡಿದರು. ಅದು ಲೋಕದಲ್ಲೆಲ್ಲ ಹರಡಿತು. ಪಾಷಾಣದ ಭಯದಿಂದ ಅಮೆರಿಕದಲ್ಲಿ 2003ರ ಕೊನೆಯಿಂದ ಮನೆಗಳ ಹಲಗೆಹಾಸುಗಳಿಗೆ ಅದನ್ನು ಏರಿಸುವುದನ್ನು ನಿಲ್ಲಿಸಲಾಯಿತು. ಹಸಿರು ಛಾಯೆಯ ಇಂಥ ಮರದ ತುಂಡುಗಳನ್ನು ಒಲೆಗೆ ಹಾಕಲೇಕೂಡದು. ಹೊಗೆಯೂ ವಿಷ, ಪಾಷಾಣವು ಬೂದಿಯಲ್ಲಿ ಉಳಿಯುವುದರಿಂದ ಅದನ್ನು ತಿಪ್ಪೆಗೆ ಸೇರಿಸುವುದೂ, ಪಾತ್ರೆ ಬೆಳಗಲು ಕೊಡುವುದೂ ಅಪಾಯಕರ.