ಒಂಬತ್ತು ಡಿಗ್ರಿ ಕಡಲಿಗೊಂದು ಉಡುಪು

ಸಿಯಾಟಲ್‌ನಲ್ಲಿ ಏಪ್ರಿಲ್ ತಿಂಗಳ ಬಿಸಿಲು ಕಂಡರೆ ಊರಿಗೆ ಊರೇ ಹೊರಗೆ ಬರುತ್ತದೆ. ತಿಂಗಳುಗಟ್ಟಲೆ ಜಿಟಿಜಿಟಿ ಮಳೆ ಸಹಿಸಿದವರಿಗೆ 18 ಡಿಗ್ರಿಯ ಹಗಲೆಂದರೆ ಹಬ್ಬವೇ ಸರಿ. ಅಂಥದ್ದೊಂದು ಶನಿವಾರ ಶಿಲ್‌ಶೋಲ್ ಕೊಲ್ಲಿಯ ದಡದಲ್ಲಿ, ಪುಟ್ಟ ಹಾಯಿದೋಣಿಯನ್ನು ನೀರಿಗಿಳಿಸುವ ಮುನ್ನ ಕುಂದಾಪುರಕ್ಕೆ ವಿಡಿಯೊ ಕರೆ ಮಾಡಿದೆ. ನನ್ನ ವೇಷ ಕಂಡು ಅಮ್ಮ ನಕ್ಕರು: "ಇಷ್ಟು ಚಂದದ ಬಿಸಿಲಿಗೆ ಇದೆಂಥ ಮಳೆಕೋಟು?"

ಉತ್ತರ ನೀರಿನಲ್ಲಿದೆ. ಪ್ಯೂಜೆಟ್ ಸೌಂಡ್ ಎಂಬ ಈ ಕಡಲತೋಳಿನ ಮೇಲ್ಮೈ ನೀರು ಏಪ್ರಿಲ್‌ನಲ್ಲಿ ಸುಮಾರು 9 ಡಿಗ್ರಿ. ನಮ್ಮೂರಿನ ಕಡಲು 28 ಡಿಗ್ರಿಯ ಆಸುಪಾಸಿನದು. ನೀರಿನ ಶಾಖವಾಹಕತೆ ಗಾಳಿಯದಕ್ಕಿಂತ ಸುಮಾರು 25 ಪಟ್ಟು ಹೆಚ್ಚು. ಹಾಗಾಗಿ ದಡದ ಬಿಸಿಲು ಎಷ್ಟೇ ಹಿತವಾಗಿದ್ದರೂ ಇಲ್ಲಿನ ನಾವಿಕರು ಉಡುಪನ್ನು ಆರಿಸುವುದು ನೀರಿನ ಉಷ್ಣತೆ ನೋಡಿ.

ಅಮ್ಮ ಮಳೆಕೋಟೆಂದ ಆ ಉಡುಪಿನ ಹೆಸರು ಡ್ರೈಸೂಟ್. ಪಾದದ ಕಾಲ್ಚೀಲದಿಂದ ಕೊರಳಿನವರೆಗೆ ಒಂದೇ ತುಂಡಾಗಿರುವ ಜಲನಿರೋಧಕ ಕವಚವದು. ಕೊರಳಿಗೂ ಮಣಿಕಟ್ಟಿಗೂ ಬಿಗಿಯಾದ ಲ್ಯಾಟೆಕ್ಸ್ ಪಟ್ಟಿ, ಎದೆಗೆ ಅಡ್ಡಲಾಗಿ ನೀರು ನುಗ್ಗದ ಜಿಪ್. ಆದರೆ ಇದು ನೀರನ್ನು ತಡೆಯುತ್ತದೆಯೇ ಹೊರತು ತಾನಾಗಿ ಬೆಚ್ಚಗಿಡುವುದಿಲ್ಲ. ಬೆಚ್ಚಗಿಡುವುದು ಒಳಗಿನ ಉಣ್ಣೆ ಅಥವಾ ಫ್ಲೀಸ್ ಬಟ್ಟೆ. ಹತ್ತಿಬಟ್ಟೆ ಬೇಡವೇ ಬೇಡ; ಬೆವರು ಹೀರಿ ಒದ್ದೆಯಾಗಿ ಮೈಗೆ ಅಂಟಿಕೊಳ್ಳುತ್ತದೆ.

ಇದನ್ನೆಲ್ಲ ನಾನು ಕಲಿತದ್ದು ಪೆಟ್ಟು ತಿಂದು. ಪಂಚಗಂಗಾವಳಿಯಲ್ಲಿ ಈಜಿ ಬೆಳೆದವನಿಗೆ ನೀರಿನ ಭಯವೇನು ಎಂಬ ಹಮ್ಮು ನನ್ನಲ್ಲಿತ್ತು. ಮೊದಲ ವರ್ಷ ಒಮ್ಮೆ ಅವಸರದಲ್ಲಿ ಎದೆಯ ಜಿಪ್ಪನ್ನು ಎರಡು ಬೆರಳಿನಷ್ಟು ಮುಚ್ಚದೆ ಬಿಟ್ಟಿದ್ದೆ. ಗಾಳಿಯ ಹೊಡೆತಕ್ಕೆ ದೋಣಿ ಮಗುಚಿತು. ಆ ಸಂದಿಯಿಂದ ಮಂಜಿನಂಥ ನೀರು ಎದೆಗೆ ಇಳಿದೊಡನೆ ಉಸಿರು ತಾನಾಗಿ ಒಳಗೆ ಸೆಳೆಯಿತು. ಕೂಗಲು ಹೋದರೆ ದನಿಯಿಲ್ಲ. ಜೀವರಕ್ಷಕ ಜಾಕೆಟ್ ತಲೆಯನ್ನು ಮೇಲೆ ಹಿಡಿದಿರದಿದ್ದರೆ ಆ ಮೊದಲ ಉಸಿರಿನಲ್ಲೇ ನೀರು ಕುಡಿಯುತ್ತಿದ್ದೆ. ಜೊತೆಗಾರ ದೋಣಿಯನ್ನು ಎತ್ತಿ ನಿಲ್ಲಿಸುವಷ್ಟರಲ್ಲಿ ನನ್ನ ಬೆರಳುಗಳು ಹಗ್ಗದ ಗಂಟು ಬಿಡಿಸಲಾರದಾಗಿದ್ದವು. ಬಲ್ಲ ಈಜು ಅಲ್ಲಿ ಉಪಯೋಗಕ್ಕೆ ಬರಲಿಲ್ಲ.

ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ಪ್ರಚುರಪಡಿಸಿದ ಸೂತ್ರವೊಂದನ್ನು ಇಲ್ಲಿ ನಾವಿಕರೆಲ್ಲ ಬಾಯಿಪಾಠ ಮಾಡಿರುತ್ತಾರೆ: 1–10–1. ತಣ್ಣೀರಿಗೆ ಬಿದ್ದವನಿಗೆ ಉಸಿರು ಹತೋಟಿಗೆ ತರಲು 1 ನಿಮಿಷ, ಕೈಕಾಲು ಮಾತು ಕೇಳುವುದು 10 ನಿಮಿಷ, ಶಾಖ ಕಳೆದುಕೊಂಡು ಪ್ರಜ್ಞೆ ತಪ್ಪುವ ಮೊದಲು ಸುಮಾರು 1 ಗಂಟೆ. ಸರಿಯಾಗಿ ತೊಟ್ಟ ಡ್ರೈಸೂಟ್ ಈ ಅವಧಿಗಳನ್ನು ಹಿಗ್ಗಿಸುತ್ತದೆ.

ಆದ್ದರಿಂದ ಈಗ ತೊಡುವುದರಲ್ಲಿ ಕ್ರಮವುಂಟು. ಗಡಿಯಾರ, ಉಂಗುರ, ಬಳೆ ತೆಗೆದಿಡಬೇಕು. ಲ್ಯಾಟೆಕ್ಸ್ ಹರಿಯಲು ಒಂದು ಗೀರು ಸಾಕು. ಪಟ್ಟಿಗಳಿಗೆ ತುಸು ಟಾಲ್ಕಮ್ ಪುಡಿ ಸವರಿದರೆ ಕೈ, ತಲೆ ಸಲೀಸಾಗಿ ತೂರುತ್ತವೆ. ಅಮ್ಮ ಕಳಿಸುವ ಕೊಬ್ಬರಿ ಎಣ್ಣೆಗೆ ಆ ದಿನ ರಜೆ, ಏಕೆಂದರೆ ಎಣ್ಣೆ ತಾಗಿದರೆ ಲ್ಯಾಟೆಕ್ಸ್ ಕೆಡುತ್ತದೆ. ಜಿಪ್ ಪೂರ್ತಿ ಎಳೆದ ಮೇಲೆ ಕುಕ್ಕರಗಾಲಲ್ಲಿ ಕೂತು, ಕೊರಳಪಟ್ಟಿಯನ್ನು ಬೆರಳಿನಿಂದ ಸಡಿಲಿಸಿ ಒಳಗಿನ ಗಾಳಿ ಹೊರಹಾಕಬೇಕು. ಇಲ್ಲವಾದರೆ ಬಿದ್ದಾಗ ಗಾಳಿ ಕಾಲಿಗೆ ಸೇರಿ ಕಾಲುಗಳೇ ಮೇಲೆ ತೇಲಬಹುದು. ಮೇಲೆ ಜೀವರಕ್ಷಕ ಜಾಕೆಟ್, ಕೈಗೆ ನಿಯೊಪ್ರಿನ್ ಗವುಸು, ತಲೆಗೆ ಟೊಪ್ಪಿ. ಕೊನೆಗೆ ಸೊಂಟಮಟ್ಟದ ನೀರಿನಲ್ಲಿ ನಿಂತು, ಎಲ್ಲಾದರೂ ಒಸರುತ್ತಿದೆಯೇ ಎಂದು ನೋಡಬೇಕು. ಜೊತೆಗಾರರು ಪರಸ್ಪರರ ಜಿಪ್ ಮುಟ್ಟಿ ನೋಡುವುದೂ ಇಲ್ಲಿನ ವಾಡಿಕೆ.

ಈ ಉಡುಪು ದುಬಾರಿ. ಬೆಲೆ ಸಾವಿರ ಡಾಲರ್ ದಾಟುವುದೂ ಉಂಟು. ಹೊಸದಾಗಿ ಬರುವವರು ಮೊದಲು ಬಾಡಿಗೆಗೆ ಸಿಗುತ್ತದೆಯೇ ಎಂದು ವಿಚಾರಿಸುವುದು ಜಾಣತನ. ನಮ್ಮ ಕರಾವಳಿಯ ಈಜು ಬಲ್ಲವರಿಗೆ ಒಂದು ಮಾತು: ಇಲ್ಲಿ ನೀರಿಗಿಳಿಯುವ ಮುನ್ನ ಅದರ ಉಷ್ಣತೆ ಎಷ್ಟೆಂದು ಕೇಳಿಕೊಳ್ಳಿ.

ಅಮ್ಮನಿಗೂ ಆ ಶನಿವಾರ ಇದನ್ನೇ ವಿವರಿಸಿದೆ. ಈಗ ಅವರು ಕರೆ ಮುಗಿಸುವ ಮುನ್ನ ತಪ್ಪದೆ ಕೇಳುವ ಪ್ರಶ್ನೆ ಒಂದೇ: "ಜಿಪ್ಪು ಪೂರ್ತಿ ಹಾಕಿದೆಯಾ?"