ಬೈರಮಂಗಲದ ಹೂಳು

ಬಸವನಗುಡಿಯ ದೊಡ್ಡ ಬಸವಣ್ಣನ ಪಾದತಲದಲ್ಲಿ ಉದ್ಭವಿಸಿದಳೆಂದು ಜನರು ನಂಬಿರುವ ವೃಷಭಾವತಿಯು, ಮೈಸೂರು ರಸ್ತೆಯಲ್ಲಿ ಮೂಗು ಮುಚ್ಚಿಕೊಂಡು ಸಾಗುವವರ ತಾತ್ಸಾರವನ್ನು ಸಹಿಸುತ್ತ, ಕೆಂಗೇರಿಯನ್ನು ದಾಟಿ, ಬಿಡದಿಯ ಬಳಿಯ ಬೈರಮಂಗಲದ ಕೆರೆಯನ್ನು ಸೇರುವ ಹೊತ್ತಿಗೆ ಏನಾಗಿರುತ್ತಾಳೆಂಬುದನ್ನು ಪತ್ರಿಕೆಗಳಲ್ಲಿ ಓದಿದವರು ಅನೇಕರು. ಏರಿಯ ಮೇಲೆ ನಿಂತು ಕಂಡವರು ವಿರಳ. ಕೋಡಿಯಲ್ಲಿ ಧುಮುಕಿ ಬಿಳಿಯ ರಾಶಿಯಾಗಿ ಮೇಲೇಳುವ ನೊರೆಯು ನನ್ನನ್ನು ಅಷ್ಟಾಗಿ ಬೆರಗುಗೊಳಿಸಲಿಲ್ಲ; ಅದು ಬಹುಮಟ್ಟಿಗೆ ಮಹಾನಗರದ ಬಚ್ಚಲುಗಳ ಸಾಬೂನು. ಬೆರಗಾದದ್ದು ಏರಿಯ ಕೆಳಗಿನ ಹಸುರಿಗೆ. ಬಿರುಬೇಸಗೆಯಲ್ಲಿಯೂ ಕಾಲುವೆ ತುಂಬಿ ಹರಿಯುತ್ತಿತ್ತು. ಮೇವಿನ ಹುಲ್ಲೂ ಬೇಬಿ ಕಾರ್ನೂ ಆಳೆತ್ತರ ನಿಂತಿದ್ದವು.

“ನೀರಿಗೆ ಬರ ಇಲ್ಲ ಸ್ವಾಮಿ, ಬೆಂಗಳೂರು ಬೆಳೆದಷ್ಟೂ ನಮ್ಮ ಕಾಲುವೆ ತುಂಬ್ತದೆ. ಭತ್ತ ಮಾತ್ರ ಕೈಗೆ ಹತ್ತಲ್ಲ, ಬಾವಿ ನೀರು ಬಾಯಿಗಿಡೋ ಹಂಗಿಲ್ಲ” ಎಂದರು, ಹುಲ್ಲು ಕೊಯ್ಯುತ್ತಿದ್ದ ಹಿರಿಯರೊಬ್ಬರು. ಸುಮಾರು 100 ಕಿ.ಮೀ. ದೂರದಿಂದ ಪಂಪುಗಳು ಬೆಂಗಳೂರಿಗೆ ಮೇಲೆತ್ತಿ ತಂದ ಕಾವೇರಿಯ ಒಂದಂಶವೇ ಈ ದಾರಿಯಾಗಿ ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಮರಳಿ ಕಾವೇರಿಯನ್ನು ಸೇರುತ್ತದೆ.

ಇನ್ನು ಈ ನೀರಿನಲ್ಲಿರುವ ಲೋಹಗಳ ವಿಚಾರ. 1970ರ ದಶಕದಲ್ಲಿ ತಲೆಯೆತ್ತಿದ, ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ನಲ್ಲಿಗಳಿಗೂ ವಾಹನಗಳ ಬಿಡಿಭಾಗಗಳಿಗೂ ಕ್ರೋಮಿಯಂ, ನಿಕ್ಕಲ್‌ಗಳ ಹೊಳಪನ್ನು ಲೇಪಿಸುವ ಸಣ್ಣ ಕಾರ್ಖಾನೆಗಳು ಹಲವು. ಜಲಮಾಲಿನ್ಯ ನಿಯಂತ್ರಣದ ಕಾಯಿದೆಯೂ ಅದೇ ದಶಕದ್ದು, 1974ರದು. ಲೇಪನದ ತೊಟ್ಟಿಯಿಂದೆತ್ತಿದ ಸಾಮಾನನ್ನು ತೊಳೆದ ಹಳದಿ ನೀರಿನಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕವಾದುದು, ನೀರಿನೊಡನೆ ಸರಾಗವಾಗಿ ಸಂಚರಿಸತಕ್ಕದ್ದು. ಆದರೆ ಅದು ಆಮ್ಲಜನಕವೇ ಇಲ್ಲದ ಕೊಳಚೆಯೊಳಗೆ ಬಿದ್ದೊಡನೆ, ಅಲ್ಲಿಯ ಸಾವಯವ ಕಲ್ಮಷವೂ ಸೂಕ್ಷ್ಮಜೀವಿಗಳೂ ಕೂಡಿ ಅದನ್ನು ಮೂರು ವೇಲೆನ್ಸಿಗೆ ಇಳಿಸಿ ಹೂಳಿನಲ್ಲಿ ಕೂರಿಸಿಬಿಡುತ್ತವೆ. ನಾವು ಅತ್ಯಂತ ಅಸಹ್ಯಪಡುವ ಮಲವು ನಾವು ಅತ್ಯಂತ ಅಂಜಬೇಕಾದ ವಿಷವನ್ನು ಹಿಡಿದು ನಿಲ್ಲಿಸುತ್ತದೆಂಬ ಈ ಸೋಜಿಗವನ್ನು ನಾನು ಕಂಡಕಂಡವರಿಗೆಲ್ಲ ಹೇಳಿ ಬೇಸರ ಹಿಡಿಸಿದ್ದೇನೆ; ಓದುಗರೂ ಕ್ಷಮಿಸಬೇಕು. ಹಾಗೆಂದು ಸಮಾಧಾನಪಡುವಂತಿಲ್ಲ. ಹೂಳು ಒಣಗಿ ಗಾಳಿಯಾಡಿತೆಂದರೆ, ಮಣ್ಣಿನ ಮ್ಯಾಂಗನೀಸಿನ ಆಕ್ಸೈಡುಗಳ ಸಂಗದಿಂದ ಕ್ರೋಮಿಯಮ್ಮಿನ ಅಲ್ಪಾಂಶವು ಪೂರ್ವರೂಪಕ್ಕೆ ಮರಳಬಲ್ಲುದು. ಕ್ಯಾಡ್ಮಿಯಮ್ಮಿನ ಸ್ವಭಾವವೇ ಬೇರೆ, ಅದು ಬೇರಿನ ಮೂಲಕ ಪೈರಿಗೇರುತ್ತದೆ. ಜಪಾನಿನ ಜಿಂಜೂ ನದಿಯ ಬಯಲಿನಲ್ಲಿ ಅನ್ನದೊಡನೆ ದೇಹವನ್ನು ಹೊಕ್ಕು ಎಲುಬುಗಳನ್ನು ಮುರಿದದ್ದು ಗಣಿಯಿಂದ ಹರಿದುಬಂದ ಆ ಲೋಹವೇ ಎಂದು ಅಲ್ಲಿಯ ಸರಕಾರ ಒಪ್ಪಿಕೊಂಡದ್ದು 1968ರಲ್ಲಿ.

ಆದುದರಿಂದ ಹೊಸ ಕೊಳಚೆನೀರು ಶುದ್ಧೀಕರಣ ಘಟಕಗಳ ಉದ್ಘಾಟನೆಯ ವಾರ್ತೆಗಳನ್ನೋದುವಾಗ ನನಗೆ ಸಂಶಯವೇ ಹೆಚ್ಚು. ಅವುಗಳ ರಚನೆ ಕೊಳೆಯುವ ಪದಾರ್ಥಕ್ಕಾಗಿ, ಲೋಹವು ಕೊಳೆಯದು. ನೀರು ತಿಳಿಯಾದರೆ, ಅದರಲ್ಲಿದ್ದ ಲೋಹದ ಬಹುಭಾಗವು ತಳದ ಕೆಸರಿಗೆ ಇಳಿದಿರುತ್ತದೆ, ಆ ಕೆಸರನ್ನು ಗೊಬ್ಬರವೆಂದು ಹೊಲಕ್ಕೆ ಒಯ್ಯುವವರುಂಟು. ಹಿಡಿಯುವುದಾದರೆ ಲೋಹವನ್ನು ಕಾರ್ಖಾನೆಯ ತೊಟ್ಟಿಯಲ್ಲಿಯೇ, ಕೊಳಚೆಯೊಡನೆ ಬೆರೆಯುವ ಮುನ್ನವೇ, ರಾಸಾಯನಿಕದಿಂದ ಕ್ರೋಮಿಯಮ್ಮಿನ ವೇಲೆನ್ಸಿಯನ್ನು ಇಳಿಸಿ, ಸುಣ್ಣದಿಂದ ಒತ್ತರಿಸಿ ಹಿಡಿಯಬೇಕು. ಉಳಿದ ಗಷ್ಟನ್ನು ಅಪಾಯಕಾರಿ ತ್ಯಾಜ್ಯವನ್ನು ಹೂಳುವ ನಿಯತ ಸ್ಥಳಕ್ಕೆ ಲಾರಿಯಲ್ಲಿ ಕಳುಹಬೇಕು. ವಿಧಾನವು ಹಳೆಯದು, ಕಷ್ಟದ್ದೂ ಅಲ್ಲ. ಸುಣ್ಣಕ್ಕೂ ಲಾರಿಗೂ ಹಣ ತೆರಬೇಕಾಗುತ್ತದೆ, ಮಳೆಗಾಲದ ರಾತ್ರಿಯ ಮೋರಿಗೆ ತೆರಬೇಕಾದ್ದಿಲ್ಲ.