ಚಳಿಗಾಲದ ಕಾರು, ಹಳೇ ಕಾಲದ ಬುದ್ಧಿವಾದ

ಕೆನಡಾಕ್ಕೆ ಬಂದು ನೆಲೆಸಿದ ಕನ್ನಡಿಗರಿಗೆ ಮೊದಲ ಚಳಿಗಾಲ ಹತ್ತಿರವಾಗುತ್ತಿದ್ದಂತೆ ಕಾರಿನ ಬಗ್ಗೆ ಬುದ್ಧಿ ಹೇಳುವವರಿಗೆ ಕೊರತೆಯಿರುವುದಿಲ್ಲ. ಮೈಸೂರಿನಿಂದ ಅಪ್ಪ ಫೋನ್ ಮಾಡಿ, "ಇಂಜಿನ್ ಬಿಸಿಯಾಗೋವರೆಗೂ ಗಾಡಿ ತೆಗೀಬೇಡಪ್ಪ" ಎನ್ನುತ್ತಾರೆ. "ಆಲ್ ವೀಲ್ ಡ್ರೈವ್ ತಗೊಂಡುಬಿಡು, ಹಿಮದ ಚಿಂತೆಯೇ ಇರಲ್ಲ" ಎನ್ನುತ್ತಾನೆ ಗೆಳೆಯ. "ಜಾರುವ ರಸ್ತೆಯಲ್ಲಿ ಬ್ರೇಕನ್ನ ಬಿಟ್ಟು ಬಿಟ್ಟು ತುಳೀಬೇಕು" ಎಂಬುದು ಆಫೀಸಿನ ಹಿರಿಯರ ಸಲಹೆ. ಇವರು ಯಾರೂ ಸುಳ್ಳು ಹೇಳುತ್ತಿಲ್ಲ. ಈ ಮಾತುಗಳಲ್ಲಿ ಬಹುಪಾಲು ಒಂದು ಕಾಲದ ಕಾರುಗಳಿಗೆ ಸರಿಯಾಗಿಯೇ ಒಪ್ಪುತ್ತಿದ್ದವು. ಆಮೇಲೆ ಕಾರಿನ ಒಳಗಿನದೆಲ್ಲ ಬದಲಾಯಿತು, ಮಾತು ಮಾತ್ರ ಹಾಗೇ ಉಳಿಯಿತು. ವಿನಿಪೆಗ್‌ನಲ್ಲಿ ಮೈನಸ್ 30 ಡಿಗ್ರಿಯ ಬೆಳಿಗ್ಗೆ ಮಕ್ಕಳನ್ನು ಕೂರಿಸಿಕೊಂಡು ಹೊರಡುವವರು ಇದನ್ನು ತಿಳಿದಿರಲೇಬೇಕು.

"ಹತ್ತು ನಿಮಿಷ ಇಂಜಿನ್ ಓಡಿಸಿಟ್ಟು ಆಮೇಲೆ ಹೊರಡಬೇಕು"

ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್ ಓಡಿಸಿದವರಿಗೆ ಚೋಕ್ ಎಳೆಯುವುದು ಗೊತ್ತು. ತಣ್ಣಗಿರುವ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಕಾರ್ಬುರೇಟರಿಗೆ ಹೊರಗಿನ ಚಳಿ ಎಷ್ಟೆಂದು ತಿಳಿಯುವ ದಾರಿಯಿರಲಿಲ್ಲ. ಇಂಜಿನ್ ಬಿಸಿಯಾಗದೆ ಹೊರಟರೆ ಗಾಡಿ ಜಗ್ಗುತ್ತಿತ್ತು, ಸರ್ಕಲ್ಲಿನ ಮಧ್ಯೆ ನಿಂತುಬಿಡುತ್ತಿತ್ತು. ಅಪ್ಪನ ಮಾತು ಹುಟ್ಟಿದ್ದು ಆ ಅನುಭವದಿಂದ. ಇಂದಿನ ಕಾರಿನಲ್ಲಿ ಇಸಿಯು ಎಂಬ ಕಂಪ್ಯೂಟರ್ ಕೂಲಂಟ್ ಎಷ್ಟು ಬಿಸಿಯಿದೆ, ಒಳಗೆ ಬರುವ ಗಾಳಿ ಎಷ್ಟು ಎಂದು ಕ್ಷಣಕ್ಷಣಕ್ಕೂ ಅಳೆದು ಇಂಜೆಕ್ಟರ್ ಮೂಲಕ ಬೇಕಾದಷ್ಟೇ ಪೆಟ್ರೋಲ್ ಬಿಡುತ್ತದೆ. ಜೊತೆಗೆ 0ಡಬ್ಲ್ಯೂ-20ಯಂಥ ತೆಳುವಾದ ಆಯಿಲ್ ಕೊರೆಯುವ ಚಳಿಯಲ್ಲೂ ಬೇಗ ಹರಿದು ಮೇಲಿನವರೆಗೆ ಮುಟ್ಟುತ್ತದೆ. ಅರ್ಧ ನಿಮಿಷದಿಂದ ಒಂದು ನಿಮಿಷ ಸಾಕು. ಆಮೇಲೆ ಮೊದಲ ಕೆಲವು ನಿಮಿಷ ಆಕ್ಸಿಲರೇಟರ್ ಜೋರಾಗಿ ಒತ್ತದೆ ನಿಧಾನವಾಗಿ ಓಡಿಸಿ.

ನಿಂತಲ್ಲೇ ಓಡುವ ಇಂಜಿನ್ ಬಿಸಿಯಾಗುವುದು ಬಹಳ ನಿಧಾನ. ತಣ್ಣಗಿರುವಷ್ಟು ಹೊತ್ತೂ ಇಸಿಯು ಹೆಚ್ಚು ಪೆಟ್ರೋಲ್ ಕೊಡುತ್ತದೆ, ಅದು ಸಿಲಿಂಡರ್ ಗೋಡೆಯ ಮೇಲಿನ ಆಯಿಲನ್ನು ತೊಳೆಯುತ್ತದೆ. ಗೇರ್‌ಬಾಕ್ಸ್, ಶಾಕ್ ಅಬ್ಸಾರ್ಬರ್, ಚಕ್ರದ ಬೇರಿಂಗ್ ಇವು ಗಾಡಿ ಚಲಿಸದೆ ಸರಿಯಾಗಿ ಬೆಚ್ಚಗಾಗುವುದೇ ಇಲ್ಲ. ಗಾಜಿನ ಮೇಲಿನ ಹಿಮ ಕೆರೆಯಲು ಬೇಕಾದಷ್ಟು ಹೊತ್ತು ಇಂಜಿನ್ ಓಡಲಿ, ಅದಕ್ಕೆ ಯಾರ ಆಕ್ಷೇಪವೂ ಇಲ್ಲ. ನಿಜವಾಗಿಯೂ ಘೋರವಾದ ಚಳಿಗೆ ಬೇರೆಯೇ ಉಪಾಯವಿದೆ. ಮ್ಯಾನಿಟೋಬಾ, ಸಸ್ಕಾಚೆವಾನ್ ಕಡೆ ಕಾರುಗಳ ಮುಂಭಾಗದಿಂದ ಒಂದು ಪ್ಲಗ್ ಇಣುಕುತ್ತಿರುತ್ತದೆ. ಅದು ಇಂಜಿನ್ನನ್ನು ಕರೆಂಟಿನಿಂದ ಬೆಚ್ಚಗೆ ಮಾಡುವ ಬ್ಲಾಕ್ ಹೀಟರಿನದು. ಪಾರ್ಕಿಂಗ್ ಜಾಗದಲ್ಲೇ ಕರೆಂಟ್ ಸಾಕೆಟ್ ಇರುತ್ತದೆ. ರಾತ್ರಿಯಿಡೀ ಹಾಕಿಡಬೇಕಿಲ್ಲ. ಟೈಮರ್ ಇಟ್ಟು ಹೊರಡುವ ಎರಡು ಗಂಟೆ ಮೊದಲು ಆನ್ ಆಗುವಂತೆ ಮಾಡಿದರೆ ಸಾಕು.

ಇಂಜಿನ್ ಓಡಿಸಿಟ್ಟೇ ಹೊರಡಬೇಕೆಂಬ ನಂಬಿಕೆಯಿಂದ ಹುಟ್ಟುವ ಒಂದು ಅಪಾಯವನ್ನು ಒತ್ತಿ ಹೇಳಲೇಬೇಕು. ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ ಇಂಜಿನ್ ಓಡಿಸಿಡಬೇಡಿ, ಬಾಗಿಲು ತೆರೆದಿದ್ದರೂ ಬೇಡ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಮನೆಯೊಳಗೆ ಸದ್ದಿಲ್ಲದೆ ಸೇರುತ್ತದೆ. ಹೊರಗೆ ನಿಂತ ಗಾಡಿಯಲ್ಲೂ ಸೈಲೆನ್ಸರ್ ಬಾಯಿಗೆ ಹಿಮ ಮುಚ್ಚಿಕೊಂಡಿದ್ದರೆ ಹೊಗೆ ಕಾರಿನೊಳಕ್ಕೇ ತಿರುಗುತ್ತದೆ. ಬೆಚ್ಚಗಿರಲೆಂದು ಮಕ್ಕಳನ್ನು ಒಳಗೆ ಕೂರಿಸಿ ಹಿಮ ಗೋರುವವರು ಮೊದಲು ಗೋರಬೇಕಾದ್ದು ಸೈಲೆನ್ಸರಿನ ಸುತ್ತ.

"ಬ್ಯಾಟರಿಯನ್ನು ಹಾಳು ಮಾಡುವುದು ಚಳಿ"

ಬ್ಯಾಟರಿ ಹೆಚ್ಚಾಗಿ ಕೈಕೊಡುವುದು ಜನವರಿಯಲ್ಲಿ. ಆದರೆ ಅದನ್ನು ಒಳಗಿನಿಂದ ತಿಂದದ್ದು ಜುಲೈ ತಿಂಗಳ ಸೆಕೆ. ಲೆಡ್ ಆಸಿಡ್ ಬ್ಯಾಟರಿಯ ಪ್ಲೇಟುಗಳು ಸವೆಯುವುದು, ನೀರು ಆರುವುದು ಎರಡೂ ಬಿಸಿಲಿಗೇ ಹೆಚ್ಚು. ಕಲಬುರಗಿ, ರಾಯಚೂರಿನ ಮೆಕ್ಯಾನಿಕ್‌ಗಳಿಗೆ ಇದು ಚೆನ್ನಾಗಿ ಗೊತ್ತು. ಚಳಿ ಮಾಡುವುದು ಆ ದೌರ್ಬಲ್ಯವನ್ನು ಬಯಲಿಗೆ ತರುವ ಕೆಲಸ. ಮೈನಸ್ 18 ಡಿಗ್ರಿಯಲ್ಲಿ ಬ್ಯಾಟರಿಯ ಶಕ್ತಿ ಅರ್ಧಕ್ಕೂ ಕೆಳಗೆ ಇಳಿಯುತ್ತದೆ, ಅದೇ ಹೊತ್ತಿಗೆ ಚಳಿಗೆ ದಪ್ಪಗಾದ ಆಯಿಲಿನಲ್ಲಿ ಇಂಜಿನ್ ತಿರುಗಿಸಲು ಹೆಚ್ಚು ಶಕ್ತಿ ಬೇಕಾಗುತ್ತದೆ. ಬ್ಯಾಟರಿಯ ಮೇಲಿನ ಸಿಸಿಎ ಎಂಬ ಅಂಕಿ ಇದಕ್ಕಾಗಿಯೇ ಇರುವುದು. ಮೈನಸ್ 18ರಲ್ಲಿ 30 ಸೆಕೆಂಡ್ ಎಷ್ಟು ಆಂಪಿಯರ್ ಕೊಡಬಲ್ಲದು ಎಂಬುದರ ಲೆಕ್ಕ ಅದು. ಬ್ಯಾಟರಿಗೆ ನಾಲ್ಕು ವರ್ಷ ದಾಟಿದ್ದರೆ ಅಕ್ಟೋಬರಿನಲ್ಲೇ ಪರೀಕ್ಷೆ ಮಾಡಿಸಿ.

ಪೂರ್ತಿ ಚಾರ್ಜ್ ಆಗಿರುವ ಬ್ಯಾಟರಿ ಕೆನಡಾದ ಯಾವ ಊರಿನ ಚಳಿಗೂ ಸುಲಭಕ್ಕೆ ಹೆಪ್ಪುಗಟ್ಟುವುದಿಲ್ಲ. ಖಾಲಿಯಾದ ಬ್ಯಾಟರಿ ಮೈನಸ್ 7ರ ಆಸುಪಾಸಿಗೇ ಹೆಪ್ಪುಗಟ್ಟಬಲ್ಲದು. ಅದರ ಪಕ್ಕಗಳು ಉಬ್ಬಿದ್ದರೆ ಜಂಪ್ ಕೊಡಲು ಹೋಗಬೇಡಿ, ಸಿಡಿಯಬಹುದು. ಜಂಪ್ ಕೊಟ್ಟು ಹತ್ತು ನಿಮಿಷ ನಿಂತಲ್ಲೇ ಇಂಜಿನ್ ಓಡಿಸಿದರೆ ಬ್ಯಾಟರಿ ತುಂಬುತ್ತದೆ ಎಂಬುದೂ ತಪ್ಪು. ಹೀಟರ್, ಸೀಟಿನ ಬಿಸಿ, ಹಿಂದಿನ ಗಾಜಿನ ಡಿಫ್ರಾಸ್ಟರ್ ಎಲ್ಲ ಆನ್ ಇದ್ದರೆ ಆಲ್ಟರ್ನೇಟರ್ ಕೊಟ್ಟದ್ದು ಅಲ್ಲಿಗೇ ಸರಿಹೋಗುತ್ತದೆ. ಸಿಗ್ನಲ್ಲಿನಲ್ಲಿ ತಾನಾಗಿ ಆಫ್ ಆಗುತ್ತಿದ್ದ ಇಂಜಿನ್ ಚಳಿಗಾಲದಲ್ಲಿ ಆಫ್ ಆಗದಿದ್ದರೆ ಗಾಬರಿ ಬೇಡ. ಬ್ಯಾಟರಿಯನ್ನೂ ಒಳಗಿನ ಬಿಸಿಯನ್ನೂ ಕಾಪಾಡಲು ಕಾರೇ ಹಾಗೆ ಮಾಡುತ್ತಿರುತ್ತದೆ.

"ಆಲ್ ವೀಲ್ ಡ್ರೈವ್ ಇದೆ, ಎಬಿಎಸ್ ಇದೆ, ಇನ್ನೇನು ಭಯ?"

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಅಪಾಯದ ನಂಬಿಕೆ ಇದೇ. ಆಲ್ ವೀಲ್ ಡ್ರೈವ್ ಇಂಜಿನ್ನಿನ ಶಕ್ತಿಯನ್ನು ನಾಲ್ಕೂ ಚಕ್ರಕ್ಕೆ ಹಂಚುತ್ತದೆ, ಅದರಿಂದ ಹಿಮದಲ್ಲಿ ಗಾಡಿ ಸಲೀಸಾಗಿ ಹೊರಡುತ್ತದೆ. ನಿಲ್ಲುವ ಮಾತು ಬೇರೆ. ಮಾರುತಿ 800ಕ್ಕೂ ನಾಲ್ಕು ಚಕ್ರಕ್ಕೂ ಬ್ರೇಕ್ ಇತ್ತು, ದುಬಾರಿ ಎಸ್‌ಯುವಿಗೂ ಇರುವುದು ನಾಲ್ಕೇ. ಮುಂದಿನ ಎರಡು ಚಕ್ರದಿಂದ ಓಡುವ ಕಾರು ಹೊರಡುವಾಗಲೇ ಸ್ವಲ್ಪ ಜಾರಿ "ರಸ್ತೆ ಸರಿಯಿಲ್ಲ" ಎಂದು ತಿಳಿಸಿಬಿಡುತ್ತದೆ. ಆಲ್ ವೀಲ್ ಡ್ರೈವ್ ಆ ಸೂಚನೆಯನ್ನೇ ಮುಚ್ಚಿಡುತ್ತದೆ. ಓಡಿಸುವವರು 80 ಕಿಲೋಮೀಟರ್ ವೇಗ ತಲುಪಿದ ಮೇಲೆ, ಮುಂದಿನ ಕಾರಿನ ಕೆಂಪು ದೀಪ ಹತ್ತಿದಾಗ ರಸ್ತೆಯ ನಿಜ ತಿಳಿಯುತ್ತದೆ. ವೇಗ ಎರಡರಷ್ಟಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟಾಗುತ್ತದೆ ಎಂಬ ಲೆಕ್ಕವನ್ನು ಯಾವ ತಂತ್ರವೂ ಬದಲಿಸಿಲ್ಲ.

ಬ್ರೇಕನ್ನು ಬಿಟ್ಟು ಬಿಟ್ಟು ತುಳಿಯುವ ಪಾಠ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್‌ಗಿಂತ ಹಿಂದಿನದು. 1978ರಲ್ಲಿ ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎಬಿಎಸ್ ಮರ್ಸಿಡಿಸ್ ಎಸ್-ಕ್ಲಾಸ್‌ನಲ್ಲಿ ಬಂತು. ಭಾರತದಲ್ಲಿ 2019ರ ಏಪ್ರಿಲ್‌ನಿಂದ ಎಲ್ಲ ಹೊಸ ಕಾರಿಗೂ ಕಡ್ಡಾಯವಾಯಿತು. ಪ್ರತಿ ಚಕ್ರದ ಬಳಿ ಇರುವ ಸೆನ್ಸರ್ ಯಾವ ಚಕ್ರ ತಿರುಗುವುದನ್ನು ನಿಲ್ಲಿಸುತ್ತಿದೆ ಎಂದು ಕಂಡುಕೊಂಡು, ಆ ಚಕ್ರದ ಬ್ರೇಕನ್ನಷ್ಟೇ ಸೆಕೆಂಡಿಗೆ ಹಲವು ಬಾರಿ ಬಿಟ್ಟು ಹಿಡಿಯುವಂತೆ ಮಾಡುತ್ತದೆ. ಮನುಷ್ಯನ ಪಾದಕ್ಕೆ ಇಷ್ಟು ವೇಗವೂ ಇಲ್ಲ, ನಾಲ್ಕು ಚಕ್ರವನ್ನು ಬೇರೆ ಬೇರೆಯಾಗಿ ಹಿಡಿಯುವ ದಾರಿಯೂ ಇಲ್ಲ. ನೀವು ಪಂಪ್ ಮಾಡಿದರೆ ಅದರ ಕೆಲಸಕ್ಕೆ ಅಡ್ಡಿ. ಗಟ್ಟಿಯಾಗಿ ತುಳಿಯಿರಿ, ಕಾಲು ತೆಗೆಯಬೇಡಿ, ಸ್ಟೇರಿಂಗ್ ತಿರುಗಿಸಿ ಅಪಾಯದಿಂದ ಪಕ್ಕಕ್ಕೆ ಸರಿಯಿರಿ.

ಎಬಿಎಸ್ ಇರುವುದು ಬೇಗ ನಿಲ್ಲಿಸುವುದಕ್ಕೆ ಎಂದುಕೊಳ್ಳುವವರು ಇನ್ನೊಂದು ವಿಷಯ ತಿಳಿಯಬೇಕು. ಸಡಿಲವಾದ ಹಿಮ ಅಥವಾ ಜಲ್ಲಿಯ ಮೇಲೆ ಎಬಿಎಸ್ ಇರುವ ಕಾರು ನಿಲ್ಲಲು ಇನ್ನೂ ಹೆಚ್ಚು ದೂರ ತೆಗೆದುಕೊಳ್ಳಬಹುದು. ಲಾಕ್ ಆದ ಚಕ್ರ ತನ್ನ ಮುಂದೆ ಹಿಮದ ಗುಡ್ಡೆ ಒಟ್ಟಿಕೊಂಡು ಅದಕ್ಕೇ ತಡೆದು ನಿಲ್ಲುತ್ತದೆ. ತಿರುಗುತ್ತಲೇ ಇರುವ ಚಕ್ರಕ್ಕೆ ಆ ಲಾಭವಿಲ್ಲ. ಆದರೆ ಲಾಕ್ ಆದ ಚಕ್ರ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಎಬಿಎಸ್ ಉಳಿಸಿಕೊಡುವುದು ಆ ಹಿಡಿತವನ್ನು.

ಇದನ್ನು ಓದಿ ತಿಳಿಯುವುದಕ್ಕಿಂತ ಕಾಲಿನಿಂದ ತಿಳಿಯಬೇಕು. ಮೊದಲ ಹಿಮ ಬಿದ್ದ ಭಾನುವಾರ ಬೆಳಿಗ್ಗೆ, ಅನುಮತಿಯಿರುವ ಖಾಲಿ ಪಾರ್ಕಿಂಗ್ ಬಯಲಿಗೆ ಹೋಗಿ. ಗಂಟೆಗೆ 30 ಕಿಲೋಮೀಟರ್ ವೇಗಕ್ಕೆ ಬಂದು ಬ್ರೇಕನ್ನು ಒಮ್ಮೆಗೇ ತುಳಿಯಿರಿ. ಪೆಡಲ್ ಪಾದದ ಕೆಳಗೆ ಕಟಕಟ ಅದುರುತ್ತದೆ, ಬಾನೆಟ್ ಒಳಗಿನಿಂದ ಗರಗರ ಸದ್ದು ಬರುತ್ತದೆ, ಕಾರು ಅಂದುಕೊಂಡದ್ದಕ್ಕಿಂತ ಬಹಳ ಮುಂದೆ ಹೋಗಿ ನಿಲ್ಲುತ್ತದೆ. ಮೊದಲ ಸಲ ಇದನ್ನು ಹೆದ್ದಾರಿಯಲ್ಲಿ ಅನುಭವಿಸಿದವರು ಏನೋ ಮುರಿಯಿತೆಂದು ಹೆದರಿ ಕಾಲು ತೆಗೆದುಬಿಡುತ್ತಾರೆ. ಅವಘಡ ಆಗುವುದು ಆ ಕ್ಷಣದಲ್ಲೇ. ಮನೆಯಲ್ಲಿ ಕಾರು ಓಡಿಸುವವರೆಲ್ಲ ಒಂದೊಂದು ಸಲ ಮಾಡಿ ನೋಡಲಿ.

ಅಡ್ಡಾದಿಡ್ಡಿ ಜಾರಿದ ಗೆರೆಗಳಿರುವ ಕಾರಿನ ಚಿತ್ರ ಡ್ಯಾಶ್‌ಬೋರ್ಡಿನಲ್ಲಿ ಮಿಣುಕುವುದೂ ಕೆಟ್ಟುಹೋದ ಗುರುತಲ್ಲ. ಅದು ಸ್ಟೆಬಿಲಿಟಿ ಕಂಟ್ರೋಲ್. ಕೆನಡಾದಲ್ಲಿ 2011ರ ಸೆಪ್ಟೆಂಬರ್‌ನಿಂದ ಹೊಸ ಕಾರುಗಳಿಗೆ ಕಡ್ಡಾಯ. ನೀವು ತಿರುಗಿಸಿದ ದಿಕ್ಕಿಗೂ ಕಾರು ಹೋಗುತ್ತಿರುವ ದಿಕ್ಕಿಗೂ ಹೊಂದದಿದ್ದರೆ ಬೇಕಾದ ಒಂದೇ ಚಕ್ರವನ್ನು ಅದು ಹಿಡಿಯುತ್ತದೆ. ಮಿಣುಕಿದರೆ ಕೆಲಸ ಮಾಡುತ್ತಿದೆ, ನೀವು ವೇಗ ಇಳಿಸಿ ಎಂದರ್ಥ. ಆರದೆ ಉರಿಯುತ್ತಲೇ ಇದ್ದರೆ ತೋರಿಸಬೇಕು. ಹಿಮದಲ್ಲಿ ಹೂತು ಚಕ್ರ ತಿರುಗದಂತಾದಾಗ ಮಾತ್ರ, ಚಕ್ರ ಜಾರಿ ತಿರುಗುವುದನ್ನು ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡಿ ಹಿಂದೆ ಮುಂದೆ ತೂಗಿ ಹೊರಬನ್ನಿ, ಬಂದ ಕೂಡಲೇ ಮತ್ತೆ ಆನ್ ಮಾಡಿ.

ಈ ಎಲ್ಲ ವ್ಯವಸ್ಥೆಗಳೂ ಇರುವ ಹಿಡಿತವನ್ನು ಹಂಚುತ್ತವೆಯೇ ಹೊರತು ಹೊಸದಾಗಿ ಹುಟ್ಟಿಸುವುದಿಲ್ಲ. ಹುಟ್ಟಿಸುವುದು ಟೈರ್. ಆಲ್ ಸೀಸನ್ ಟೈರಿನ ರಬ್ಬರ್ 7 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತ ಹೋಗುತ್ತದೆ, ಚಳಿಗಾಲದ ಟೈರ್ ಮೆತ್ತಗೇ ಉಳಿಯುತ್ತದೆ. ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ನೋಡಿ ಕೊಳ್ಳಿ. ಎಂ ಪ್ಲಸ್ ಎಸ್ ಎಂಬ ಅಕ್ಷರ ಮಾತ್ರ ಇದ್ದರೆ ಸಾಲದು. ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಾನೂನಿನಂತೆ ಕಡ್ಡಾಯ. ದುಡ್ಡು ಉಳಿಸಲು ಮುಂದೆ ಎರಡಕ್ಕಷ್ಟೇ ಹಾಕಿಸುವುದು ಬೇಡ. ತಿರುವಿನಲ್ಲಿ ಮುಂಭಾಗ ಹಿಡಿದು ನಿಂತು, ಹಿಂಭಾಗ ಜಾರಿ ಕಾರು ಗಿರಕಿ ಹೊಡೆಯುತ್ತದೆ.

ಉಷ್ಣತೆ ಐದಾರು ಡಿಗ್ರಿ ಇಳಿದಂತೆಲ್ಲ ಟೈರಿನ ಗಾಳಿ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಸೆಪ್ಟೆಂಬರಿನಲ್ಲಿ 33 ತುಂಬಿಸಿದ್ದು ಜನವರಿಯಲ್ಲಿ 26ರ ಹತ್ತಿರ ಬಂದು ಹಳದಿ ದೀಪ ಹತ್ತಿದರೆ ಸೆನ್ಸರನ್ನು ಬೈಯದೆ ಗಾಳಿ ಹೊಡೆಸಿ. ನೈಟ್ರೋಜನ್ ತುಂಬಿಸಿದರೂ ಇದೇ ಲೆಕ್ಕ.

"ಚಳಿ ಹೆಚ್ಚಿದಷ್ಟೂ ರಸ್ತೆ ಹೆಚ್ಚು ಜಾರುತ್ತದೆ"

ಮಂಜುಗಡ್ಡೆ ಅತಿ ಹೆಚ್ಚು ಜಾರುವುದು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ, ಮೇಲೆ ನೀರಿನ ತೆಳುಪದರ ಇರುವಾಗ. ಟೊರಾಂಟೊದಲ್ಲಿ ಮೈನಸ್ 1ರಲ್ಲಿ ಮಳೆ ಬಿದ್ದು ಹೆಪ್ಪುಗಟ್ಟಿದ ಬೆಳಿಗ್ಗೆ, ವಿನಿಪೆಗ್‌ನ ಮೈನಸ್ 25ರ ಒಣ ಬೆಳಗಿಗಿಂತ ಮೋಸದ್ದು. ಸೇತುವೆಗಳು ಮೇಲಿನಿಂದಲೂ ಕೆಳಗಿನಿಂದಲೂ ಬಿಸಿ ಕಳೆದುಕೊಳ್ಳುವುದರಿಂದ ಉಳಿದ ರಸ್ತೆಗಿಂತ ಮೊದಲೇ ಹೆಪ್ಪುಗಟ್ಟುತ್ತವೆ. ರಸ್ತೆಗೆ ಎರಚುವ ಉಪ್ಪಿನ ಪ್ರಭಾವ ಮೈನಸ್ 10ರ ಕೆಳಗೆ ಬಹಳ ಕಡಿಮೆ.

ರಸ್ತೆ ಬಿಟ್ಟು ಮತ್ತೆ ಕಾರಿಗೆ ಬಂದರೆ, ಚಳಿಗೆ ನೀರು ಬೆರೆಸದ ಕೂಲಂಟೇ ಒಳ್ಳೆಯದು ಎಂಬ ಮಾತೂ ಕೇಳಿಬರುತ್ತದೆ. ಶುದ್ಧ ಎಥಿಲೀನ್ ಗ್ಲೈಕಾಲ್ ಮೈನಸ್ 13ಕ್ಕೇ ಗಟ್ಟಿಯಾಗುತ್ತದೆ, ಅರ್ಧ ನೀರು ಬೆರೆತದ್ದು ಮೈನಸ್ 37ರವರೆಗೆ ತಡೆಯುತ್ತದೆ. ಎಸಿ ಬೇಸಿಗೆಗೆ ಮಾತ್ರ ಎಂಬುದೂ ಸರಿಯಲ್ಲ. ಒಳಗಿನ ಗಾಜು ಮಂಜುಗಟ್ಟಿದಾಗ ಗಾಳಿಯ ತೇವ ಹೀರುವುದು ಎಸಿಯೇ. ಹೀಟರ್ ಜೊತೆ ಅದನ್ನೂ ಹಾಕಿ, ರೀಸರ್ಕ್ಯುಲೇಷನ್ ಆಫ್ ಮಾಡಿ. ಹೊರಗಿನ ಗಾಜಿಗೆ ಬಿಸಿನೀರು ಸುರಿದರೆ ಸೀಳು ಬೀಳಬಹುದು.

"ಚೆಕ್ ಇಂಜಿನ್ ಕೋಡ್ ಯಾವ ಪಾರ್ಟ್ ಹೋಗಿದೆ ಎಂದು ಹೇಳುತ್ತದೆ"

ಅಮೆರಿಕದಲ್ಲಿ 1996ರ ಮಾದರಿಯಿಂದ ಕಾರುಗಳಲ್ಲಿ ಒಬಿಡಿ-2 ಎಂಬ ದೋಷ ಪತ್ತೆ ವ್ಯವಸ್ಥೆ ಕಡ್ಡಾಯವಾಯಿತು. ಸ್ಟೇರಿಂಗ್ ಕೆಳಗಿನ ಪೋರ್ಟಿಗೆ ಅಗ್ಗದ ಸ್ಕ್ಯಾನರ್ ಚುಚ್ಚಿದರೆ ಕೋಡ್ ಸಿಗುತ್ತದೆ. ಅದು ಹೇಳುವುದು ಲಕ್ಷಣವನ್ನು, ರೋಗವನ್ನಲ್ಲ. ಚಳಿಗಾಲದಲ್ಲಿ ಹೆಚ್ಚಾಗಿ ಕಾಣುವ ಪಿ0128 ತೆಗೆದುಕೊಳ್ಳಿ. ಅರ್ಧ ಗಂಟೆ ಓಡಿಸಿದರೂ ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬರುವುದಿಲ್ಲ, ಹೀಟರಿನಿಂದ ಉಗುರುಬೆಚ್ಚಗಿನ ಗಾಳಿಯಷ್ಟೇ ಬರುತ್ತದೆ. ನಮ್ಮ ಕಡೆಯಿಂದ ಬಂದವರಿಗೆ ಮುಳ್ಳು ಕೆಳಗಿದ್ದಷ್ಟೂ ನೆಮ್ಮದಿ. ಆಗುಂಬೆ ಘಾಟಿಯಲ್ಲಿ ಅದು ಮೇಲೇರುವುದನ್ನು ಕಂಡು ಬೆವರಿದವರು ನಾವು. ಇಲ್ಲಿ ಮುಳ್ಳು ಮೇಲೇರದಿರುವುದೇ ರೋಗ. ಇಂಜಿನ್ ತಣ್ಣಗಿದೆಯೆಂದು ಇಸಿಯು ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಮೈಲೇಜ್ ಬೀಳುತ್ತದೆ, ಆಯಿಲಿನಲ್ಲಿ ಸೇರಿದ ತೇವ ಆರುವುದಿಲ್ಲ. ಸಾಮಾನ್ಯ ಕಾರಣ, ತೆರೆದುಕೊಂಡೇ ಸಿಕ್ಕಿಕೊಂಡ ಥರ್ಮೋಸ್ಟಾಟ್. ಆದರೆ ಕೂಲಂಟ್ ಕಡಿಮೆಯಾಗಿದ್ದರೂ, ಸೆನ್ಸರ್ ಕೆಟ್ಟಿದ್ದರೂ ಇದೇ ಕೋಡ್ ಬರುತ್ತದೆ. ಇಂಜಿನ್ ತಣ್ಣಗಿರುವಾಗ ಕೂಲಂಟ್ ಮಟ್ಟ ನೋಡಲು ನಿಮಗೆ ಖರ್ಚೇನೂ ಇಲ್ಲ.

ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲವಿದ್ದರೂ ಚೆಕ್ ಇಂಜಿನ್ ದೀಪ ಹತ್ತುತ್ತದೆ, ಸರಿಯಾಗಿ ಬಿಗಿದರೆ ಕೆಲವು ದಿನದಲ್ಲಿ ತಾನೇ ಆರುತ್ತದೆ. ದೀಪ ಮಿಣುಕುತ್ತಿದ್ದರೆ ಮಾತ್ರ ತಡಮಾಡಬೇಡಿ: ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹೊರಹೋಗಿ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತಿದೆ ಎಂಬ ಸೂಚನೆ ಅದು. ವೇಗ ಇಳಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಬ್ಯಾಟರಿ ತಂತಿ ಬಿಚ್ಚಿ ದೀಪ ಆರಿಸಿದರೆ ದೋಷ ಹೋಗುವುದಿಲ್ಲ, ಪತ್ತೆಗೆ ನೆರವಾಗುವ ದಾಖಲೆ ಮಾತ್ರ ಅಳಿಯುತ್ತದೆ. ಮೆಕ್ಯಾನಿಕ್ ಕೋಡ್ ಓದಿದ ಕೂಡಲೇ ಪಾರ್ಟಿನ ಬೆಲೆ ಹೇಳಿದರೆ, ಅದೇ ಪಾರ್ಟ್ ಕೆಟ್ಟಿದೆ ಎಂದು ಯಾವ ಪರೀಕ್ಷೆಯಿಂದ ಗೊತ್ತಾಯಿತು ಎಂದು ಕೇಳಿ. ಒಳ್ಳೆಯ ಮೆಕ್ಯಾನಿಕ್‌ಗಳು ಈ ಪ್ರಶ್ನೆಗೆ ಬೇಸರಪಡುವುದಿಲ್ಲ, ಬಾನೆಟ್ ಎತ್ತಿ ತೋರಿಸುತ್ತಾರೆ.